ಗಂಧದ ಬೊಟ್ಟಿನ ವಂಶವಾಹಿಯವರಿಗೊಂದು ದೂರು

ದ್ವಾರಕಾ ನಗರ, ವಿಶಾಖಪಟ್ಟಣ
ಕಾರ್ತಿಕ ಮಾಸ, ೧೯೯೧

ನನ್ನ ಯಜಮಾನರ ಹದಿನೇಳನೆಯ ವರ್ಣತಂತುವಿನಲ್ಲಿ ಠಿಕಾಣಿ ಹೂಡಿರುವ, ಕೆಟ್ಟುಹೋದ ವಂಶವಾಹಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಾವು ಕ್ಷೇಮವಾಗಿರುವುದೇ ನಮ್ಮ ತೊಂದರೆ. ನಾನು ಕಮಲಾಕ್ಷಿ, ಗುಬ್ಬಿ ಕಡೆಯವಳು, ಬ್ಯಾಂಕ್ ಅಧಿಕಾರಿ ಶ್ರೀಕಂಠ ಅವರ ಹೆಂಡತಿ. ಬ್ಯಾಂಕಿನವರು ನಮ್ಮನ್ನು ಮೂರು ವರ್ಷಕ್ಕೊಮ್ಮೆ ಎತ್ತಿ ತುಮಕೂರಿನಿಂದ ವಿಜಯವಾಡಕ್ಕೆ, ಅಲ್ಲಿಂದ ಈ ಸಮುದ್ರದ ದಡಕ್ಕೆ ಒಗೆಯುತ್ತಿರುವಾಗ, ತಾವು ಮಾತ್ರ ನಮ್ಮ ಮಾವ ಹೊನ್ನಪ್ಪನವರ ಅಪ್ಪನ ಕಾಲದಿಂದ ಒಂದು ವರ್ಗಾವಣೆಯೂ ಇಲ್ಲದೆ ಒಂದೇ ಕುರ್ಚಿಯಲ್ಲಿ ಕೂತಿದ್ದೀರಿ. ಇದು ಯಾವ ಯೂನಿಯನ್ ಮುಖಂಡರ ಕೃಪೆಯೆಂದು ತಿಳಿಸಿದರೆ ನಮ್ಮವರೂ ಹೋಗಿ ಕೈಮುಗಿದು ಬರುತ್ತಾರೆ.

ಇಷ್ಟು ದಿನ ತಮ್ಮನ್ನು ನಾವು ದೇವರೆಂದೇ ನಂಬಿದ್ದೆವು. ಮೈಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಮಚ್ಚೆಗಳಿದ್ದರೆ ಅದು ಕುಲದೇವರು ನರಸಿಂಹಸ್ವಾಮಿ ಗಂಧದ ಬೊಟ್ಟಿಟ್ಟು ಕಳಿಸಿದ ಮಗು ಎಂಬುದು ನಮ್ಮ ಮನೆಯ ನಂಬಿಕೆ. ತೊಟ್ಟಿಲಿಗೆ ಹಾಕುವ ದಿನ ಹಿರಿಯಳು ಕೂಸನ್ನು ಮೊರದಲ್ಲಿ ಹೊರಳಿಸಿ ಬೊಟ್ಟು ಎಣಿಸುವುದು ಪದ್ಧತಿ. ನನ್ನ ಮೊದಲ ಮಗಳು ಮೃಣಾಲಿನಿಯ ಮೈಮೇಲೆ ಒಂದೂ ಸಿಗಲಿಲ್ಲವಾಗಿ, ಅತ್ತೆ ಮಂಗಳಾಗೌರಮ್ಮನವರು "ಇದು ಪೂರ್ತಿ ನಿಮ್ಮ ಕಡೇದು ಕಣಮ್ಮ" ಎಂದು ನಿಟ್ಟುಸಿರು ಬಿಟ್ಟರು. ಅವಳು ಮನೆಯಲ್ಲೂ ತೆಲುಗು ಮಾತಾಡುವುದಕ್ಕೆ ಬೊಟ್ಟಿಲ್ಲದ್ದೇ ಕಾರಣವೆಂಬುದು ಅವರ ಇಂದಿನವರೆಗಿನ ಸಿದ್ಧಾಂತ. ಇಲ್ಲಿ ಸಿಂಹಾಚಲದ ನರಸಿಂಹಸ್ವಾಮಿಯೂ ವರ್ಷವಿಡೀ ಗಂಧ ಮೆತ್ತಿಕೊಂಡೇ ಇರುವುದನ್ನು ಕಂಡ ಮೇಲಂತೂ ಬ್ಯಾಂಕಿನವರು ನಮ್ಮನ್ನು ಬೇಕೆಂದೇ ಇಲ್ಲಿಗೆ ಹಾಕಿದ್ದಾರೆಂದು ಹೇಳತೊಡಗಿದರು. ಹೋದ ಮಾರ್ಗಶಿರದಲ್ಲಿ ಹುಟ್ಟಿದ ಎರಡನೆಯವಳು ಪದ್ಮಾಳ ಬೆನ್ನಿನಲ್ಲಿ ಎರಡು ಬೊಟ್ಟು ಕಂಡಾಗ ಓಣಿಗೆಲ್ಲ ಸಜ್ಜಿಗೆ ಹಂಚಿದರು. ಕಡೆಗೂ ಈ ಮನೆಗೆ ಸಲ್ಲುವ ಮಗುವನ್ನು ಹೆತ್ತೆನೆಂದು ನಾನೂ ಹಿಗ್ಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಷಾಢದಲ್ಲಿ ಯಜಮಾನರ ತೋಳಿನ ಮೇಲೆ ನೆನೆಸಿದ ಕಡಲೆಯಂಥ ಮೆತ್ತನೆಯ ಗಂಟುಗಳೆದ್ದವೆಂದು ಡಾಕ್ಟರ್ ಗಂಗಾಭವಾನಿಯವರಲ್ಲಿಗೆ ಹೋದೆವು. ಅವರು ಅಂಗಿ ಬಿಚ್ಚಿಸಿ, ನಮ್ಮ ಅತ್ತೆಯಷ್ಟೇ ಶ್ರದ್ಧೆಯಿಂದ, ಆದರೆ ಸಜ್ಜಿಗೆಯ ಮಾತೆತ್ತದೆ, ಬೊಟ್ಟು ಎಣಿಸಿದರು. ಬೆಳೆಯುವ ಜೀವಕೋಶಕ್ಕೆ "ಸಾಕು" ಎನ್ನುವುದು ತಮ್ಮ ಕೆಲಸವಂತೆ, ತಾವು ಕೆಟ್ಟು ಕೂತಿರುವುದರಿಂದ ನರಗಳ ಮೇಲೆ ಗಂಟುಗಳೇಳುತ್ತವಂತೆ, ಹೋದ ವರ್ಷವಷ್ಟೇ ಹೊರದೇಶದ ವಿಜ್ಞಾನಿಗಳು ತಮ್ಮನ್ನು ಪತ್ತೆ ಹಚ್ಚಿದರಂತೆ. ಕೆಲವರಲ್ಲಿ ತಾವು ಇಷ್ಟಕ್ಕೇ ಸುಮ್ಮನಿರುತ್ತೀರಿ, ಕೆಲವು ಮಕ್ಕಳಲ್ಲಿ ಕಣ್ಣಿನ ನರಕ್ಕೇ ಕೈಹಾಕುತ್ತೀರಿ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ವರ್ಷ ತುಂಬುವಷ್ಟರಲ್ಲಿ ಮೆಣಸಿನ ಕಾಳಿಗಿಂತ ದೊಡ್ಡ ಬೊಟ್ಟುಗಳು ಆರಾದರೆ ತಾವು ಬಂದಿದ್ದೀರೆಂದೇ ಅರ್ಥ.

ತಮ್ಮ ಔದಾರ್ಯವನ್ನು ಹೊಗಳದಿರಲಾರೆ. ಎಲ್ಲ ಕಚೇರಿಗಳಲ್ಲೂ ನಾಳೆ ಬಾ, ನಾಡಿದ್ದು ಬಾ ಎನ್ನುವ ಈ ದೇಶದಲ್ಲಿ, ಬೆಳೆಯುತ್ತೇನೆಂದು ಬಂದ ಯಾವ ಗಂಟನ್ನೂ ತಾವು ಬರಿಗೈಯಲ್ಲಿ ಕಳಿಸಿದವರಲ್ಲ. ಆದರೂ ದಯಮಾಡಿ ಪದ್ಮಾಳ ವಿಷಯದಲ್ಲಿ ಒಮ್ಮೆ ಸರ್ಕಾರಿ ಗುಮಾಸ್ತರಂತೆ ನಡೆದುಕೊಳ್ಳಿ. ಇಲ್ಲವೇ ಪೆಂಡುರ್ತಿಯ ಕಡೆ ಹೊಸ ಬಡಾವಣೆಗಳಲ್ಲಿ ಖಾಲಿ ಜಾಗ ಬೇಕಾದಷ್ಟಿದೆ, ಯಾವುದಾದರೂ ಕಲ್ಲುಬಂಡೆಯೊಳಗೆ ಸಂಸಾರ ಹೂಡಿ. ಮೃಣಾಲಿನಿಗೆ ಒಂದು ಕ್ಷಮಾಪಣಾ ಪತ್ರವನ್ನೂ ಬರೆಯತಕ್ಕದ್ದು, ತೆಲುಗಿನಲ್ಲಾದರೆ ಅವಳಿಗೆ ಓದಲು ಸುಲಭ.

ಡಾಕ್ಟರ ಮಾತನ್ನು ಅತ್ತೆಗೂ ಹೇಳಿದೆವು. ಮೂರನೆಯ ದಿನ ಮೃಣಾಲಿನಿಯನ್ನು ಕರೆದು ತಲೆ ಬಾಚುತ್ತ, "ನಿಮ್ಮಮ್ಮನ ಕಡೇಳಾಗಿದ್ದು ಒಳ್ಳೇದೇ ಆಯ್ತು ಬಿಡೇ" ಎಂದರು. ಅಂದಿನಿಂದ ಪ್ರತಿ ಶನಿವಾರ ಎಣ್ಣೆ ನೀರು ಹಾಕುವಾಗ ಪದ್ಮಾಳ ಬೊಟ್ಟು ಎಣಿಸುತ್ತಾರೆ, ಹೆಚ್ಚದಿರಲೆಂದು ಅದೇ ದೇವರಿಗೆ ಹರಕೆ ಹೊರುತ್ತಾರೆ. ಕಳೆದ ವಾರ ಐದಿತ್ತು. ಮೊನ್ನೆ ಮಂಗಳವಾರ ಮಂಡಿಯ ಹಿಂದೆ ಆರನೆಯದು ನನ್ನ ಕಣ್ಣಿಗೆ ಬಿತ್ತು. ಕಡಲೆಹಿಟ್ಟು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಗೊತ್ತಾದರೆ, ಸಜ್ಜಿಗೆ ಹಂಚಿ ತಮ್ಮನ್ನು ತಾನೇ ಕರೆಸಿಕೊಂಡೆನೆಂದು ಅತ್ತೆ ಕೊರಗುತ್ತಾರೆ, ಅದಕ್ಕೇ ಅವರಿಗೆ ಹೇಳಿಲ್ಲ. ತಾವೂ ಹೇಳಬಾರದೆಂದು ಕೈಮುಗಿದು ಬೇಡುತ್ತೇನೆ.

ವಿಶ್ವಾಸವಿಡಲು ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿ,
ಕಮಲಾಕ್ಷಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು. ಇವತ್ತು ಶನಿವಾರ. ಟವೆಲ್ ಹಿಡಿದು ಬಚ್ಚಲಿಗೆ ಹೋದಾಗ, ಅತ್ತೆ ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು "ಐದೇ ಕಣಮ್ಮ, ಐದೇ" ಎಂದು ನನಗೆ ಕೇಳುವಂತೆ ಎಣಿಸಿದರು. ಅವರ ಹೆಬ್ಬೆರಳು ಮಗುವಿನ ಮಂಡಿಯ ಹಿಂದೆ ಒತ್ತಿಕೊಂಡಿತ್ತು, ನಾನು ಟವೆಲ್ ಸುತ್ತುವವರೆಗೆ ಅದನ್ನು ಎತ್ತಲಿಲ್ಲ. "ಹೌದತ್ತೆ, ಐದೇ" ಎಂದೆ. ಸೋಮವಾರ ಡಾಕ್ಟರ ಮುಂದೆ ಆರು ಎಂದು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಈ ಮನೆಯಲ್ಲಿ ಐದೇ, ತಾವು ತೆಪ್ಪಗಿರತಕ್ಕದ್ದು.