ಬಂದೂಕಿಗೆ ಯಾವ ಎಣ್ಣಿ, ಹವಾಲ್ದಾರ್ರ?

ಬಂದೂಕು ಹಿಡಿದು ನಿಂತ ಪೊಲೀಸನ್ನ ಕಂಡ್ರ ಮಂದಿ ಹೆದರ್ತಾರ. ಅದೇ ಪೊಲೀಸ ಬಂದೂಕು ಬಿಚ್ಚಿಟ್ಟುಕೊಂಡು ಎಣ್ಣಿ ಹಚ್ಚಾಕ ಕುಂತ್ರ ಮುಗೀತು, ಏನರೆ ಒಂದು ನಗೋ ಪ್ರಸಂಗ ಆಗಾಕಬೇಕು. ನಾನು ಬಾಗಲಕೋಟಿ ಕಡೆ ಸಶಸ್ತ್ರ ಪೊಲೀಸ್ ಪಡಿಯೊಳಗ ಇದ್ದಾಗ ಇಂಥಾವು ಆದದ್ದು ಒಂದಲ್ಲ ಎರಡಲ್ಲ. ಎಲ್ಲಾದರ ನಡುವ ಇರೋರು ನಮ್ಮ ಹವಾಲ್ದಾರ್ರು. ಮಿಲಿಟರಿ ಮುಗಿಸಿ ಪೊಲೀಸಿಗೆ ಬಂದವರು. ಅವರು ಬಂದೂಕು ಬಿಚ್ಚೋದು ನೋಡೋದಂದ್ರ ಹೂ ಕಟ್ಟೋರ ಕೈ ನೋಡಿದಂಗ. ಮೊದಲ ಮ್ಯಾಗಜೀನ್ ತಗದು, ಒಳಗ ಗುಂಡು ಉಳಿದಿಲ್ಲಂತ ಕಣ್ಣಿಲೆ ನೋಡಿ, ಬೆರಳಿಲೆ ಮುಟ್ಟಿ, ಆಮ್ಯಾಲೆನ ಮುಂದಿನ ಕೆಲಸ. ನಾ ಇವತ್ತಿಗೂ ಮನಿ ಕೀಲಿ ಹಾಕಿದ ಮ್ಯಾಲೆ ಒಮ್ಮೆ ಜಗ್ಗಿ ನೋಡ್ತೇನಿ. ಅದು ಅವರು ಹಚ್ಚಿದ ಚಟ.

೧. ಒಗ್ಗರಣಿ

ಹಳೇ ಬಂದೂಕಿಗೆ ಒಂದೊಂದು ಗುಂಡಿಗೂ ಕೈಲೆ ಬೋಲ್ಟ್ ಎಳೀಬೇಕಿತ್ತು. ಅದರ ಜಾಗಕ್ಕ ಎಸ್‌ಎಲ್‌ಆರ್ ಅನ್ನೋ ಹೊಸಾ ಬಂದೂಕು ಬಂತು. ಬಾಜೂಕಿನ ಹಿಡಿಕಿ ಮೊದಲ ಒಮ್ಮೆ ಎಳದ್ರ ಮುಗೀತು, ಒಂದು ಗುಂಡು ಹಾರಿದ ಕೂಡ್ಲೆ ಮುಂದಿಂದು ತಾನಾ ಬಂದು ಕುಂದರತಿತ್ತು, ನಾವು ಟ್ರಿಗರ್ ಒತ್ತಿದ್ರ ಸಾಕು. ನಾವೆಲ್ಲ ಹೊಸಾ ಸೊಸಿ ನೋಡಿದಂಗ ನೋಡಿದ್ವಿ. ಆದ್ರ ಬಂದೂಕು ಮೊದಲ ಬಂತು, ಅದಕ್ಕ ಹಚ್ಚೋ ಎಣ್ಣಿ ಬರೂದು ತಡ ಆತು.

ಹುನಗುಂದದ ಗೆಳೆಯ ಒಬ್ಬ ಇದ್ದ. "ಎಣ್ಣಿ ಅಂದ್ರ ಎಣ್ಣಿ. ನಮ್ಮ ಮನಿ ಕುಸುಬಿ ಎಣ್ಣಿ ಇರೂಮುಂದ ಸರಕಾರದ್ದು ಯಾಕ ಕಾಯಬೇಕು?" ಅಂದು ಬಂದೂಕಿನ ಮೈತುಂಬ ಹಚ್ಚಿಬಿಟ್ಟ. ಬ್ಯಾಸಗಿ ಬಿಸಲು. ಪರೇಡಿನಾಗ ಹವಾಲ್ದಾರ್ರು "ಎಳಿ" ಅಂದಾಗ ಎಲ್ಲಾರ ಹಿಡಿಕಿ ಖಟ್ ಅಂದ್ವು, ಇವಂದು ಮಾತ್ರ ಮಿಸುಕಲಿಲ್ಲ. ಎಣ್ಣಿ ಬಿಸಲಿಗೆ ಅಂಟಾಗಿ ಕುಂತಿತ್ತು. ಇನ್ನ ಇವನ ಕಥಿ ಮುಗೀತು ಅಂದ್ಕೊಂಡ್ವಿ.

ಹವಾಲ್ದಾರ್ರು ಬಂದೂಕು ಇಸಗೊಂಡು, ಮೂಸಿ ನೋಡಿ, ಸಮಾಧಾನದಿಂದ ಕೇಳಿದ್ರು: "ಲೇ ತಮ್ಮಾ, ಎಣ್ಣಿ ಅಂತೂ ಕಾದೈತಿ. ಸಾಸಿವಿ, ಕರಿಬೇವು ಎಲ್ಲಿ ಅದಾವು?"

೨. ಇಳಕಲ್ಲಿನ ಧೂಳು

ಆಮ್ಯಾಲೆ ಖರೆ ಎಣ್ಣಿ ಬಂತು. ನಮ್ಮ ಗೆಳೆಯಾ ಹಿಂದಿನ ಕಸರು ತೀರಿಸಾಕ ಬಂದೂಕಿಗೆ ಅಭ್ಯಂಜನನ ಮಾಡಿಸಿದ. ಅದೇ ಹೊತ್ತಿಗೆ ಇಳಕಲ್ಲಿಗೆ ಬಂದೋಬಸ್ತ್ ಬಿತ್ತು. ನಮ್ಮನ್ನ ನಿಂದರಿಸಿದ್ದು ಕಲ್ಲು ಕೊಯ್ದು ಪಾಲಿಶ್ ಮಾಡೋ ಶೆಡ್ಡಿನ ಬಾಜೂಕ. ಬಿಟ್ಟೂಬಿಡದ ಗಾಳಿ, ಕಲ್ಲಿನ ಹಿಟ್ಟು. ಎಣ್ಣಿ ಇದ್ದಲ್ಲೆಲ್ಲ ಹಿಟ್ಟು ಮೆತಗೊಂಡು, ಹಿಡಿಕಿ ಎಳದ್ರ ಬೀಸುಕಲ್ಲಿನ ಸಪ್ಪಳ.

"ಎಣ್ಣಿ ಕಣ್ಣಿಗೆ ಕಾಡಿಗಿ ಹಚ್ಚಿದಂಗ ಹಚ್ಚಬೇಕು," ಅಂದ್ರು ಹವಾಲ್ದಾರ್ರು. "ಧೂಳಿನ ಊರಾಗಂತೂ ಹಚ್ಚಿ ಮತ್ತ ಒರಸಬೇಕು. ನೀ ಪೈಲ್ವಾನಗ ತಿಕ್ಕಿದಂಗ ತಿಕ್ಕೀಯಲ್ಲೋ!"

ಒರಸಾಕ ಅರಿವಿ ಬೇಕಾತು. ಹತ್ರದ ನೇಕಾರರ ಮನಿ ಕಟ್ಟಿ ಮ್ಯಾಲೆ ಕುಂತು ಕೇಳಿದ್ವಿ. ಮನಿ ಅವ್ವ ಭಾಳ ದೊಡ್ಡ ಮನಸಿನಾಕಿ. ಪೊಲೀಸರು ಕೇಳ್ಯಾರಂತ ಒಳಗಿಂದ ಇಳಕಲ್ ಸೀರಿ ಸೆರಗಿನ ತುಂಡೊಂದು ತಂದು ಕೊಟ್ಲು. ಕೆಂಪು ರೇಷ್ಮಿ ಥಳಥಳ ಹೊಳೀತಿತ್ತು. ಹವಾಲ್ದಾರ್ರು ಅದನ್ನ ಕಣ್ಣಿಗೆ ಒತ್ತಿಕೊಂಡು, ಮಡಿಕಿ ಮಾಡಿ, ಎರಡೂ ಕೈಲೆ ತಿರುಗಿ ಕೊಟ್ರು.

"ಬ್ಯಾಡ ತಾಯಿ, ಒಂದು ಹಳೇ ಧೋತರದ ಚಿಂದಿ ಕೊಡು ಸಾಕು. ಇದನ್ನ ಮುಟ್ಟಿಸಿದ್ರ ನಾಳೆ ಬಂದೂಕು ಕುಪ್ಪಸಕ್ಕ ಗುಳೇದಗುಡ್ಡದ ಖಣಾನೂ ಕೇಳತೈತಿ!"

೩. ಕಮತಗಿಯೊಳಗ ಹೆಣ್ಣು ನೋಡಿದ್ದು

ನನಗ ಹೆಣ್ಣು ನೋಡಾಕ ಕಮತಗಿಗೆ ಹೋದ್ವಿ. ಅಪ್ಪ ತೀರಿಕೊಂಡಿದ್ದ, ಹಿರೇರ ಜಾಗದಾಗ ಹವಾಲ್ದಾರ್ರನ್ನ ಕರಕೊಂಡು ಹೋಗಿದ್ದೆ. ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಜಳಕ ಮಾಡಿದ್ರೂ ಕೈಗೆ ಬಂದೂಕಿನ ಎಣ್ಣಿ ವಾಸನಿ ಹಂಗ ಇತ್ತು. ಅವಲಕ್ಕಿ ಪ್ಲೇಟ್ ಇಸಗೊಳ್ಳೋ ಮುಂದ ಹುಡುಗಿ ಅಜ್ಜಿ ಮೂಗು ಏರಿಸಿದ್ಲು.

"ಏನಿದು ವಾಸನಿ? ಹುಡುಗ ಪೊಲೀಸ ಅಂದಿದ್ರಿ. ಮೋಟಾರ್ ರಿಪೇರಿ ಮಾಡ್ತಾನೇನು?"

ಹುಡುಗಿ ಅಪ್ಪನ ಮಾರಿ ಬಿಗೀತು. ಹುಡುಗಿ ನನಗ ಮನಸಿಗೆ ಬಂದಿದ್ಲು. ನಾ ಪ್ಲೇಟ್ ಕೆಳಗಿಟ್ಟು ಎರಡೂ ಕೈ ತೊಡಿ ಕೆಳಗ ಮುಚ್ಚಿಟ್ಟುಕೊಂಡೆ.

ಹವಾಲ್ದಾರ್ರು ಮೀಸಿ ತಿರುವಿ ಅಂದ್ರು: "ಅಜ್ಜಿ, ಇದು ದಿನಾ ತನ್ನ ಬಂದೂಕು ತಾನ ಒರಸೋ ಹುಡುಗನ ವಾಸನಿ. ಕಬ್ಬಿಣಾನ ಇಷ್ಟು ಜ್ವಾಕಿ ಮಾಡಾಂವ ನಿಮ್ಮ ಮೊಮ್ಮಗಳನ್ನ ಎಷ್ಟು ಜ್ವಾಕಿ ಮಾಡ್ಯಾನು, ನೀವ ವಿಚಾರ ಮಾಡ್ರಿ. ಇನ್ನ ಎಣ್ಣಿ ಅಂತೀರೇನು? ಇದನ್ನ ಹಚ್ಚಿದ್ದು ಜಂಗು ಹಿಡಿಯಂಗಿಲ್ಲ, ಎಲ್ಲೂ ಸಿಗಿಬೀಳಂಗಿಲ್ಲ, ಕರದ ಕೂಡ್ಲೆ ಕೆಲಸಕ್ಕ ತಯಾರ!"

ಅಜ್ಜಿ ವಿಚಾರ ಮಾಡಿದ್ಲು. ಕಂಬಕ್ಕ ಒರಗಿ ಗೊರಕಿ ಹೊಡಿಯಾಕ ಹತ್ತಿದ್ದ ತನ್ನ ಹಿರೇ ಅಳಿಯನ ಕಡೆ ಒಮ್ಮೆ ನೋಡಿದ್ಲು. "ಹಂಗಾರ ಲಗ್ನಕ್ಕ ಬರೂಮುಂದ ಒಂದು ಬಾಟ್ಲಿ ತಗೊಂಡು ಬರ್ರಿ. ಈ ಪುಣ್ಯಾತ್ಮಗೂ ಹಚ್ಚಿ ನೋಡೂಣು."

೪. ಬಾದಾಮಿಯ ಇನ್ಸ್‌ಪೆಕ್ಷನ್

ಬಾದಾಮಿಗೆ ಯಾರೋ ಮಂತ್ರಿ ಬರೋರಿದ್ರು. ಅದಕ್ಕಿಂತ ಮೊದಲ ನಮ್ಮ ಸಾಹೇಬ್ರು ಬಂದೂಕು ಚೆಕ್ ಮಾಡೋರು. ಹೊಂಡದ ದಂಡಿಮ್ಯಾಲೆ ಬೇವಿನ ಗಿಡದ ನೆಳ್ಳಿಗೆ ಹವಾಲ್ದಾರ್ರು ತಾಡಪತ್ರಿ ಹಾಸಿ, ನನ್ನ ಬಂದೂಕು ಬಿಚ್ಚಿ ಸಾಲಾಗಿ ಇಟ್ಟಿದ್ರು.

"ಇದು ಪಿಸ್ಟನ್," ಅಂತ ಸಪೂರ ಉಕ್ಕಿನ ಕಡ್ಡಿ ತೋರಿಸಿದ್ರು. "ಗುಂಡಿನ ಹೊಗಿ ಬಂದು ಬಡಿಯೋದು ಇದಕ್ಕ. ಉಳಿದದ್ದಕ್ಕ ಎಣ್ಣಿ ಹಚ್ಚ್ರಿ, ಇದಕ್ಕ ಬ್ಯಾಡ. ಒಣಗೇ ಇರಬೇಕು." ಅಂದು ಕೆಳಗ ಇಟ್ರೋ ಇಲ್ಲೋ, ಒಂದು ಮಂಗ್ಯಾ ಜಿಗದು ಬಂದು ಪಿಸ್ಟನ್ ಕಸಗೊಂಡು ಗಿಡ ಏರಿತು.

ಸರಕಾರಿ ಬಂದೂಕಿನ ಒಂದು ಮೊಳಿ ಕಳದ್ರೂ ವಿಚಾರಣಿ, ಸಸ್ಪೆಂಡ್. ಮನ್ಯಾಗ ಹೊಸಾ ಹೆಂಡತಿ. ಹುನಗುಂದದ ಗೆಳೆಯ ಕಲ್ಲು ಎತ್ತಿದ. ಹವಾಲ್ದಾರ್ರು ಅವನ ಕೈ ಹಿಡದ್ರು. "ಕಲ್ಲು ಒಗದ್ರ ಅದು ಗುಡ್ಡ ಏರತೈತಿ. ಅಲ್ಲಿ ಹುಡುಕಾಕ ನಿಮ್ಮ ಮುತ್ಯಾ ಬರ್ತಾನೇನು? ಸುಮ್ನ ಕುಂದ್ರು."

ಗಿಡಕ್ಕ ಬೆನ್ನು ಹಚ್ಚಿ ಕುಂತು, ಕಿಸೆದಾಗಿನ ಶೇಂಗಾ ತಗದು ಚಟಕ್ ಚಟಕ್ ಅಂತ ಸುಲಿಯಾಕ ಹತ್ತಿದ್ರು. ಮ್ಯಾಲೆ ನೋಡ್ಲಿಲ್ಲ. ಮಂಗ್ಯಾ ಪಿಸ್ಟನ್ ಮೂಸಿತು, ನೆಕ್ಕಿತು, ತುದಿ ತಿರುವಿ ತಿರುವಿ ನೋಡಿತು. ರುಚಿ ಹತ್ತಲಿಲ್ಲ. ಚಟಕ್ ಅಂದಂಗೆಲ್ಲ ಒಂದೊಂದು ಟೊಂಗಿ ಕೆಳಗಿಳೀತು. ತಲಿ ಮ್ಯಾಲಿನ ಟೊಂಗಿಗೆ ಬಂದ ಕೂಡ್ಲೆ ಹವಾಲ್ದಾರ್ರು ಒಂದು ಬೊಗಸಿ ಶೇಂಗಾ ಮ್ಯಾಲಕ್ಕ ತೂರಿದ್ರು. ಹಿಡಿಯಾಕ ಎರಡೂ ಕೈ ಬೇಕಲ್ಲ! ಪಿಸ್ಟನ್ ಟಪ್ ಅಂತ ತಾಡಪತ್ರಿಗೆ ಬಿತ್ತು, ಅದರ ಮ್ಯಾಲೆ ನಮ್ಮ ಗೆಳೆಯಾ ಬಿದ್ದ.

ಒರಸಿ, ಕೂಡಿಸಿ, ಎದ್ದು ನಿಂದರೂದಕ್ಕ ಸಾಹೇಬ್ರ ಜೀಪು ಬಂತು. ಅವರು ಬಂದೂಕಿನ ಹಿಡಿಕಿ ಎಳದು, ನಳಗಿಯೊಳಗ ಇಣುಕಿ ನೋಡಿ ಖುಷಿ ಆದ್ರು. "ಭಾಳ ಚೊಲೋ ಇಟ್ಟೀರಿ. ನನಗಿಂತ ಮೊದಲ ಯಾರರೆ ಇನ್ಸ್‌ಪೆಕ್ಷನ್ ಮಾಡ್ಯಾರೇನು?"

ಹವಾಲ್ದಾರ್ರು ಬೂಟು ಬಡದು ಸೆಲ್ಯೂಟ್ ಹೊಡದ್ರು. "ಹೌದು ಸರ್! ಒಬ್ಬರು ಬಂದಿದ್ರು. ಪಿಸ್ಟನ್ ಮೂಸಿ, ನೆಕ್ಕಿ, ಎಣ್ಣಿ ಹತ್ತಿಲ್ಲಂತ ಖಾತ್ರಿ ಮಾಡ್ಕೊಂಡು ವಾಪಸ್ ಕೊಟ್ರು ಸರ್."

"ನೆಕ್ಕಿ? ಯಾರ್ರಿ ಅವರು?"

ಹವಾಲ್ದಾರ್ರು ಮುಖದ ಒಂದು ಗೆರಿ ಅಲುಗದಂಗ ಗಿಡದ ಕಡೆ ಕೈ ಮಾಡಿದ್ರು. "ಅಗಾ ಸರ್, ಅಲ್ಲೇ ಕುಂತಾರ. ಟಿಎ-ಡಿಎ ತಿನ್ನಾಕ ಹತ್ತ್ಯಾರ."