ಲಂಡನ್ನಿಗೆ ಎಪ್ಪತ್ತು ಸೊಲ್ಲಾಪುರ

ವಿಮಾನದ ಲೆಕ್ಕ ಪೈಲಟ್‌ಗಿಂತ ಚೆನ್ನಾಗಿ ಗೊತ್ತಿದ್ದದ್ದು ನಮ್ಮ ಕಾಕಾನಿಗೆ! ಅವನು ತಿಕೋಟಾದ ಟೇಲರ್. ಜೀವಮಾನದಲ್ಲಿ ಅವನು ಏರಿದ ಅತಿ ಎತ್ತರವೆಂದರೆ ಮೇವು ಹೇರಿದ ಲಾರಿಯ ನೆತ್ತಿ.

ಮನೆಯವರು ಊರಿಗೆ ಹೊರಟರೆ, ಅವರು ಮುಟ್ಟುವವರೆಗೆ ಮನೆ ಗುಡಿಸಬಾರದೆಂಬುದು ಅವನ ಹಟ. ರೂಢಿಯೇನೋ ಎಲ್ಲರದೂ ಹೌದು. ಆದರೆ ಉಳಿದವರು, ಹೋದವರು ಓಣಿ ದಾಟಿದರೆ ಸಾಕು, ಕಸಬರಿಗೆ ಹಿಡಿಯುತ್ತಾರೆ. ಕಾಕಾ ಗಡಿಯಾರ ನೋಡುತ್ತಾನೆ! ಅವನ ಮನೆಯಲ್ಲಿದ್ದ ನಾನು ವಿಜಾಪುರದ ಕಾಲೇಜಿಗೆ ಹೊರಟರೆ ಒಂದು ತಾಸು, ಅವನ ಹೆಂಡತಿ ಕಾಕು ತವರೂರು ಬಬಲೇಶ್ವರಕ್ಕೆ ಹೊರಟರೆ ಎರಡು ತಾಸು. ಮೇಲೆ ಅರ್ಧ ತಾಸು ಹೆಚ್ಚಿಗೆ. ಹೊಲಿಗೆಯಲ್ಲೂ ಅಷ್ಟೇ ಧಾರಾಳಿ. ಏಳನೆಯ ಇಯತ್ತೆಗೆಂದು ಅವನು ಹೊಲಿದ ಅಂಗಿ ನನಗೆ ಬಿ.ಎ.ಯಲ್ಲಿ ಸರಿಹೋಯಿತು.

ಎಪ್ಪತ್ತರ ದಶಕದಲ್ಲಿ ಇಂಥವನ ತಂಗಿ, ಅಂದರೆ ನನ್ನ ಅತ್ತೆ, ನರ್ಸ್ ಕೆಲಸಕ್ಕೆ ಲಂಡನ್ನಿಗೆ ಹೊರಟಳಲ್ಲ! ತಾಯಿ ಸತ್ತ ಮೇಲೆ ಇವನೇ ಜಡೆ ಹಾಕಿ ಬೆಳೆಸಿದ ತಂಗಿ. ಕಾಕಾ ನನ್ನ ನಕಾಶೆ ಹಾಸಿ ದೂರ ಅಳೆದ. ವಿಜಾಪುರದಿಂದ ಸೊಲ್ಲಾಪುರ ಒಂದು ಸೂಜಿಯ ದಪ್ಪ. ಮುಂಬಯಿಯಿಂದ ಲಂಡನ್ನಿಗೆ?

“ಎಪ್ಪತ್ತು ಸೊಲ್ಲಾಪುರ ಆತಲೇ! ನಮ್ಮ ಬಸ್ಸಿಗಾದ್ರ ಒಂಬತ್ತು ದಿನ!”

“ಮುಂಜಾನೆ ಆರಕ್ಕ ಬಿಟ್ಟು ಅಲ್ಲಿ ಹತ್ತಕ್ಕ ಮುಟ್ತದಂತ ಕಾಕಾ,” ಎಂದೆ.

“ನಾಕ ತಾಸಿನ್ಯಾಗ? ಮತ್ತ ಕಂಡಕ್ಟರ್ ಟಿಕೀಟ್ ಯಾವಾಗ ಹರೀತಾನ?”

ವಿಮಾನದ ದಿನ ಬಂತು. ಅತ್ತೆ ತಿಕೋಟಾ ಬಿಟ್ಟು ಮೂರು ದಿನವಾಗಿತ್ತು. ಟೇಲರ್ ಮನೆ ಮೂರು ದಿನ ಗುಡಿಸದಿದ್ದರೆ ಏನಾಗಬೇಕು ಹೇಳಿ! ಅರಿವೆಯ ಚಿಂದಿ ಮೊಣಕಾಲಿಗೆ ಬಂದಿತ್ತು.

“ಹತ್ತು ಬಡೀತ್ರಿ, ನಿಮ್ಮ ಅರ್ಧ ತಾಸೂ ಆತು,” ಎಂದು ಕಾಕು ಕಸಬರಿಗೆ ಎತ್ತಿದಳು. ಅಷ್ಟರಲ್ಲಿ ಪ್ಯಾಂಟು ಒಯ್ಯಲು ಬಬಲೇಶ್ವರದ ಭೂಗೋಳ ಮಾಸ್ತರರು ಬಂದರು. ಸಂಗತಿ ಕೇಳಿ ಕೈ ಅಡ್ಡ ಹಿಡಿದರು.

“ತಡೀರಿ! ಅಲ್ಲಿ ಹತ್ತು ಆಗೂದಂದ್ರ ನಮ್ಮಲ್ಲಿ ಮಧ್ಯಾಹ್ನ ಮೂರೂವರಿ. ನಿಮ್ಮ ತಂಗಿ ಇನ್ನೂ ಮ್ಯಾಲ ಅದಾಳ.”

ಕಾಕಾ ಹಾರಿ ಬಂದು ಕಸಬರಿಗೆ ಕಸಿದುಕೊಂಡ! “ಒಂದ ವಿಮಾನಕ್ಕ ಎರಡು ಗಡಿಯಾರ ಯಾಕ್ರಿ ಮಾಸ್ತರ?”

“ಅಲ್ಲಿ ಸೂರ್ಯ ತಡಾ ಮಾಡಿ ಮೂಡ್ತಾನ.”

“ಪಾಪ, ಅವಗೂ ದೂರ ಆಗ್ತದಲ್ಲ!”

ಆಮೇಲೆ ಮಷಿನ್ ತುಳಿಯಲಿಲ್ಲ. ಲೆಕ್ಕ ಹೊಸದಾಗಿ ಮಾಡಿ, ಎಂಟು ನಿಮಿಷಕ್ಕೊಮ್ಮೆ, “ಇನ್ನೊಂದು ಸೊಲ್ಲಾಪುರ ದಾಟಿದ್ಲು,” ಎಂದು ಸಾರುತ್ತ ಕೂತ. ಮಾಸ್ತರರು ಪ್ಯಾಂಟು ಬಿಟ್ಟು ಓಡಿದರು.

ಮೂರೂವರೆಯಾಯಿತು. ನಾಲ್ಕೂ ಬಡಿಯಿತು. ಕಾಕು ಮತ್ತೆ ಕಸಬರಿಗೆ ಎತ್ತಿದಾಗ ಕಾಕಾ ಅವಳ ಕೈ ಹಿಡಿದ. ಅವನ ಕಣ್ಣು ತುಂಬಿದ್ದವು.

“ಬ್ಯಾಡ ಬಿಡು. ಇಷ್ಟೊತ್ತು ದಾರ್ಯಾಗ ಇದ್ಲು. ಈಗ ಖರೇನ ಹೋದ್ಲು.”

ಮೂರು ದಿನದಿಂದ ಹಲ್ಲು ಕಿರಿಯುತ್ತಿದ್ದ ನಾನು ನಕಾಶೆ ಮಡಚಿ ಒಳಗಿಟ್ಟೆ. ಕಾಕು ಕಸಬರಿಗೆ ಮೂಲೆಗಿಟ್ಟು, ಚಿಂದಿಯ ನಡುವೆಯೇ ಅವನ ಮಗ್ಗುಲಿಗೆ ಕುಳಿತಳು.