ಗಡಿಯಾರದ ಗಂಡು ಮತ್ತು ‘ಮೂರು ಬುಗುರಿ’

‘ಮೂರು ಬುಗುರಿ’ ಎಂಬ ವಾದ್ಯವೃಂದದಲ್ಲಿ ಜನ ನಾಲ್ವರು. ನನ್ನ ತಕರಾರು ಇಲ್ಲಿಂದಲೇ ಆರಂಭ. ಅದರ ಮುಖ್ಯ ಗಾಯಕ ಸುಹೇಲ್ ನಮ್ಮ ಚನ್ನಪಟ್ಟಣದ ಬೊಂಬೆ ಮಾಡುವ ಮನೆತನದವನು. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲೇ ಓದಿದವನು (ಇದರಲ್ಲಿ ಶಾಲೆಯ ತಪ್ಪೇನೂ ಇಲ್ಲ). ಜನಪದ ಗೀತೆಯನ್ನು ಗಿಟಾರಿನಿಂದ ಹೊಡೆದು, ಡ್ರಮ್ಮಿನಿಂದ ತುಳಿಯುವ ಈ ವಿದ್ಯೆಗೆ ಫೋಕ್ ರಾಕ್ ಎಂದು ಹೆಸರಂತೆ.

ದಿನಾಂಕ ೧೧-೮-೨೦೧೯ರ ಭಾನುವಾರ ಹೊರಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ರೇಷ್ಮೆಹುಳುವಿಗೆ ಪೊರೆ ಕಳಚುವ ಜ್ವರ ನಾಲ್ಕರ ಬದಲು ಮೂರೇ ಬಾರಿ ಬರುತ್ತದೆ. ನಾಲ್ಕನೆಯದನ್ನು ಡ್ರಮ್ಮಿನವನು ನುಂಗಿದನೋ ಏನೋ. ಎರಡನೆಯ ಆಲ್ಬಮ್ಮಿನಲ್ಲಿ ಹಾಡಿಗಿಂತ ಹೂಂಕಾರ ಹೆಚ್ಚು. ಇವೆರಡನ್ನೂ ನಾನು ಕ್ಷಮಿಸಿದ್ದೆ.

ಮೂರನೆಯದು ೧೦-೧-೨೦೨೫ರ ಶುಕ್ರವಾರ ಮೊದಲು ಅಂತರ್ಜಾಲದಲ್ಲಿ ಬಂತು. ನನ್ನ ಮಡದಿ ಚನ್ನಬಸಮ್ಮ ಅವರೆಕಾಯಿ ಸುಲಿಯುತ್ತ ಫೋನಿನಲ್ಲಿ ಹಾಕಿದ್ದಳು.

‘ತಾಳಿ ಕಟ್ಟೋ ಅಂದ್ರೆ ಗಡಿಯಾರ ನೋಡ್ದ,
ಪಾಯ್ಸ ಉಣ್ಣೋ ಅಂದ್ರೆ ಪಂಚಾಂಗ ತೆಗ್ದ...’

ಕಬ್ಬಾಳಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸರಿಂದ ಸಂಗ್ರಹಿಸಿದ, ‘ಮುನ್ನೂರು ವರ್ಷ ಹಳೆಯ, ಕರ್ತೃ ತಿಳಿಯದ ಬೀಗರ ಪದ’ ಎಂದು ಹಾಡಿನ ಆರಂಭದಲ್ಲೇ ಸುಹೇಲ್ ಗಂಭೀರವಾಗಿ ವಿವರಿಸಿದ್ದ. ನನ್ನ ರಕ್ತ ಕುದಿಯಿತು. ಈ ಪದ ಹುಟ್ಟಿದ್ದು ೫-೫-೧೯೭೭ರ ಗುರುವಾರ, ಸಾತನೂರಿನಲ್ಲಿ, ನನ್ನ ಮದುವೆಯ ಚಪ್ಪರದ ಕೆಳಗೆ. ಗಂಡನ್ನು ಹಂಗಿಸಿ ಹಾಡುವುದು ಹೆಣ್ಣಿನ ಕಡೆಯವರ ಹಕ್ಕು. ಮದುವೆ ಮಾಡಿಸುತ್ತಿದ್ದ ಅಯ್ನೋರ ಕೈಗಡಿಯಾರ ಏಳು ನಿಮಿಷ ಮುಂದಿತ್ತು. ನಾನು ಸರಿಯಾದ ಮುಹೂರ್ತ ಬರುವವರೆಗೆ ತಾಳಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮಡದಿಯ ಸೋದರತ್ತೆ ಮರಿಸಿದ್ದಮ್ಮ ನಿಂತ ನಿಲುವಿನಲ್ಲೇ ಪದ ಕಟ್ಟಿ ಹಾಡಿಬಿಟ್ಟಿದ್ದರು.

ರಾಮನಗರದಲ್ಲಿ ನಡೆಯಲಿದ್ದ ಬಿಡುಗಡೆ ಸಮಾರಂಭಕ್ಕೆ ಹೋಗಿ ಸತ್ಯಸ್ಥಾಪನೆ ಮಾಡುವುದಾಗಿ ಘೋಷಿಸಿದೆ. ಚನ್ನಬಸಮ್ಮ ತಲೆಯೆತ್ತಲಿಲ್ಲ.

“ಅತ್ತೆ ಹೆಸ್ರು ಬರ್ಲಿ ಅಂತ ನಂಗೂ ಆಸೆ ಐತೆ. ಆದ್ರೆ ನೀವು ಬಾಯ್ ಬುಟ್ರೆ ನಿಮ್ದೂ ಬತ್ತದೆ, ನೋಡ್ಕಳಿ.”

ಮಾತು ನಾಟಿತು. ಇಂದಿಗೂ ನನ್ನನ್ನು ಕಂಡರೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ಬೀಡಿ ಬಚ್ಚಿಡುತ್ತಾರೆ. ನಾನೇ ಆ ಗಂಡೆಂದು ತಿಳಿದರೆ ಆ ಗೌರವ ಉಳಿದೀತೆ? ದಿನಾಂಕವನ್ನೂ ಅತ್ತೆಯ ಹೆಸರನ್ನೂ ಮಾತ್ರ ಹೇಳುವುದು, ವರನ ವಿಷಯದಲ್ಲಿ ಮೌನ ವಹಿಸುವುದು ಎಂದು ನಿರ್ಧರಿಸಿದೆ.

೯-೨-೨೦೨೫ರ ಭಾನುವಾರ ತುಂಬಿದ ಸಭೆಯಲ್ಲಿ ಎದ್ದು ನಿಂತು ದಿನ, ವಾರ, ಸ್ಥಳ, ಕರ್ತೃ ಎಲ್ಲವನ್ನೂ ನಿರೂಪಿಸಿದೆ. ಸುಹೇಲ್ ವಿನಯದಿಂದ ಬರೆದುಕೊಂಡ. ವರ ಯಾರೆಂದು ಕೇಳಿದ, ಅಪ್ರಸ್ತುತ ಎಂದೆ. ನಾನು ಅಲ್ಲಿದ್ದೆನೇ ಎಂದು ಕೇಳಿದ. ಗಂಡಿನ ಕಡೆಯಿಂದ ಹೋಗಿದ್ದೆ ಎಂದೆ. ಇದರಲ್ಲಿ ಸುಳ್ಳೇನಿದೆ?

ಗೆದ್ದೆನೆಂದು ಕುಳಿತುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಿಂದ ರೇಷ್ಮೆ ನೂಲು ಬಿಚ್ಚುವ ಖಲಂದರ್ ಮರುಕಪಟ್ಟ.

“ಪಾಪ ಆ ಹೆಣ್ಮಗಳು ಸಾರ್. ಮೂರು ಗಂಟೆ ಕಾಯಿಸ್ಬುಟ್ನಂತಲ್ಲ ಆ ಪುಣ್ಯಾತ್ಮ. ಹಾಡ್ನಲ್ಲೇ ಒಂದು ಜಾವ ಅಂತ ಐತೆ.”

ಸುಹೇಲ್ ತಲೆಯಾಡಿಸಿ ‘ಮೂರು ಗಂಟೆ’ ಎಂದು ಬರೆದುಕೊಳ್ಳತೊಡಗಿದ. ನನ್ನ ಕಣ್ಣೆದುರಿಗೇ ಚರಿತ್ರೆ ಕೆಡುತ್ತಿತ್ತು.

“ಏಳು ನಿಮಿಷ,” ಎಂದೆ. “ಏಳೇ ನಿಮಿಷ. ತಾಳಿ ನನ್ನ ಕೈಯಲ್ಲೇ ಇತ್ತು.”

ಸಭೆ ಸಿಡಿದು ನಕ್ಕಿತು. ಆ ನಗೆ ಬಿಡದಿಯವರೆಗೆ ಕೇಳಿಸಿರಬೇಕು. ಪಕ್ಕದಲ್ಲಿದ್ದ ಚನ್ನಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು.

೨೨-೩-೨೦೨೫ರ ಶನಿವಾರ ಸುಹೇಲ್ ಮನೆಗೇ ಬಂದು, ತಿದ್ದಿ ಅಚ್ಚು ಹಾಕಿಸಿದ ಆಲ್ಬಮ್ಮಿನ ಕೈಹೊತ್ತಿಗೆ ಕೊಟ್ಟ. ಅದರಲ್ಲಿ ಹೀಗಿತ್ತು:

‘ರಚನೆ: ಮರಿಸಿದ್ದಮ್ಮ, ಸಾತನೂರು. ದಿನಾಂಕ: ೫-೫-೧೯೭೭, ಗುರುವಾರ. ರಚನೆಗೆ ಹಿಡಿದ ಕಾಲ: ಏಳು ನಿಮಿಷ. ಕಾಲಾವಕಾಶ ಒದಗಿಸಿದವರು: ವರ ಶ್ರೀ ಪಂಚಾಕ್ಷರಯ್ಯ, ನಿವೃತ್ತ ಮುಖ್ಯೋಪಾಧ್ಯಾಯರು, ಚನ್ನಪಟ್ಟಣ.’

ಚನ್ನಬಸಮ್ಮ ಅತ್ತೆಯ ಹೆಸರಿನ ಮೇಲೆ ಬೆರಳಾಡಿಸಿ, “ಎಲ್ಲಾ ಸರಿಯಾಗೈತಾ ನೋಡಿ,” ಎಂದಳು.

ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ನು ಹಿಡಿದು ಮೂರು ಬಾರಿ ಓದಿದೆ. ತಿದ್ದಲು ಒಂದಕ್ಷರವೂ ಸಿಕ್ಕಲಿಲ್ಲ.